ಸ್ವಂತ ಊರಿನ ಕಲಾ ಹೋಟೆಲ್‌ನಲ್ಲಿ ಒಂದು ರಾತ್ರಿ: ಬೆಂಗಳೂರಿಗರಿಗೆ ಮಾರ್ಗದರ್ಶಿ

ಮಧ್ಯಾಹ್ನ 2 ಗಂಟೆಗೆ ರೂಮಿನ ಕೀ ಕೈಗೆ ಬರುತ್ತದೆ, ಮರುದಿನ 12ಕ್ಕೆ ವಾಪಸ್ ಕೊಡಬೇಕು. ಒಟ್ಟು 22 ಗಂಟೆ. ಕೆಲವು ಕಡೆ 3ಕ್ಕೆ ಒಳಗೆ, 11ಕ್ಕೆ ಹೊರಗೆ, ಅಲ್ಲಿಗೆ 20 ಗಂಟೆಯಾಯಿತು. ಪರಊರಿಗೆ ಹೋದಾಗ ಹೋಟೆಲ್ ಬರೀ ಮಲಗುವ ಜಾಗ, ನೋಡುವುದೆಲ್ಲ ಹೊರಗಿರುತ್ತದೆ. ನಮ್ಮೂರಿನಲ್ಲೇ ಕಲೆಗೆಂದು ಹೆಸರಾದ ಹೋಟೆಲ್‌ಗೆ ಹೋದರೆ ನೋಡಬೇಕಾದದ್ದು ಆ ಗೋಡೆಗಳ ಮೇಲೆಯೇ ಇರುತ್ತದೆ.

ಆರ್ಟ್ ಗ್ಯಾಲರಿ ಸಂಜೆ ಬಾಗಿಲು ಹಾಕುತ್ತದೆ. ಒಂದು ಚಿತ್ರದ ಮುಂದೆ ಎರಡು ನಿಮಿಷ ನಿಂತರೆ ಹಿಂದಿನವರು ಕಾಯುತ್ತಿರುತ್ತಾರೆ. ಹೋಟೆಲ್‌ನಲ್ಲಿ ಅದೇ ಚಿತ್ರವನ್ನು ಸಂಜೆಯ ದೀಪದಲ್ಲಿ, ರಾತ್ರಿ ಹನ್ನೊಂದರ ನಿಶ್ಶಬ್ದದಲ್ಲಿ, ಬೆಳಗಿನ ಆರೂವರೆಯ ಬೆಳಕಿನಲ್ಲಿ, ಹೀಗೆ ಮೂರು ಸಲ ನೋಡಬಹುದು. ಇಷ್ಟು ದುಡ್ಡು ಕೊಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಹೋಟೆಲ್ ಆರಿಸುವುದು, ದಿನ ಗೊತ್ತು ಮಾಡುವುದು, ಬ್ಯಾಗ್ ಕಟ್ಟುವುದು ಎಲ್ಲವೂ ಈ ಮೂರು ನೋಟಗಳಿಗೆ ಹೊಂದಿಕೊಳ್ಳಬೇಕು.

ಮೊದಲು ಹೋಟೆಲ್

"ಆರ್ಟ್ ಹೋಟೆಲ್" ಎಂಬ ಬೋರ್ಡಿನ ಕೆಳಗೆ ಮೂರು ಬೇರೆ ಬೇರೆ ಬಗೆಗಳಿವೆ. ಯಾವುದಕ್ಕೆ ಹೋಗುತ್ತಿದ್ದೀರಿ ಎಂದು ತಿಳಿಯದೆ ಹೋದರೆ ನಿರಾಸೆ ಗ್ಯಾರಂಟಿ.

ಮೊದಲನೆಯದು ಸಂಗ್ರಹ ಇರುವ ಹೋಟೆಲ್. ಲಾಬಿ, ಕಾರಿಡಾರ್, ರೆಸ್ಟೋರೆಂಟ್‌ಗಳಲ್ಲಿ ಕಲಾವಿದರಿಂದ ಕೊಂಡ ಅಥವಾ ಬರೆಸಿದ ಮೂಲ ಕೃತಿಗಳಿರುತ್ತವೆ. ಎರಡನೆಯದು ವಿನ್ಯಾಸದ ಹೋಟೆಲ್. ಇಲ್ಲಿ ಗೋಡೆಗೆ ತೂಗುಹಾಕಿದ ಚಿತ್ರಕ್ಕಿಂತ ಬಣ್ಣ, ಕುರ್ಚಿ, ದೀಪ, ಮೆಟ್ಟಿಲುಗಳನ್ನೇ ನೋಡಬೇಕು. ಎಂ.ಜಿ. ರಸ್ತೆಯ ಪಾರ್ಕ್ ಹೋಟೆಲ್‌ನ ಒಳಾಂಗಣ ಲಂಡನ್ನಿನ ಕಾನ್ರನ್ ಸಂಸ್ಥೆಯ ವಿನ್ಯಾಸ, ಅದು ಈ ಬಗೆಗೆ ಸೇರುತ್ತದೆ. ಮೂರನೆಯದರಲ್ಲಿ ಕಟ್ಟಡವೇ ಕೃತಿ. ಬೆಂಗಳೂರಿನ ವೆಸ್ಟ್ ಎಂಡ್ 1887ರಲ್ಲಿ ವಸತಿಗೃಹವಾಗಿ ಶುರುವಾದದ್ದು. ಮೈಸೂರಿನವರಿಗಾದರೆ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1921ರಲ್ಲಿ ಅಡಿಗಲ್ಲು ಹಾಕಿದ ಲಲಿತಮಹಲ್ ಇದೆ. ರಾಜಕುಮಾರಿಯರಿಗೆಂದು ಕಟ್ಟಿದ ಚಿತ್ತರಂಜನ್ ಪ್ಯಾಲೆಸ್‌ನಲ್ಲಿರುವ ಗ್ರೀನ್ ಹೋಟೆಲ್ ಕೂಡ ಈ ಸಾಲಿಗೇ ಸೇರಬೇಕು.

ಸಂಗ್ರಹಕ್ಕೆಂದು ಹೋಗುವುದಾದರೆ ಬುಕಿಂಗ್ ಆಪ್‌ನ ಫೋಟೋ ನಂಬಬೇಡಿ, ಫೋನ್ ಮಾಡಿ. ಮೂರು ಪ್ರಶ್ನೆ ಸಾಕು: "ಗೋಡೆ ಮೇಲಿರೋದು ಒರಿಜಿನಲ್ ಚಿತ್ರಗಳಾ, ಪ್ರಿಂಟಾ?", "ಚಿತ್ರಗಳ ಪಕ್ಕ ಕಲಾವಿದರ ಹೆಸರು ಬರೆದಿದೆಯಾ?", "ಅತಿಥಿಗಳಿಗೆ ಸುತ್ತಿ ತೋರಿಸೋ ವ್ಯವಸ್ಥೆ ಇದೆಯಾ?" ಎರಡನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಕಲಾವಿದನ ಹೆಸರು, ವರ್ಷ, ಮಾಧ್ಯಮ ಬರೆದು ಅಂಟಿಸುವ ಶ್ರಮ ತೆಗೆದುಕೊಂಡ ಹೋಟೆಲ್ ತನ್ನ ಗೋಡೆಗಳ ಬಗ್ಗೆ ಯೋಚಿಸಿದೆ ಎಂದೇ ಅರ್ಥ. ಹೆಸರಿಲ್ಲದ ಕಡೆ ಸಾಮಾನ್ಯವಾಗಿ ಮೀಟರ್ ಲೆಕ್ಕದಲ್ಲಿ ಕೊಂಡ ಅಲಂಕಾರವೇ ಇರುತ್ತದೆ.

ಇನ್ನೊಂದು ಮಾತನ್ನೂ ಕೇಳಿ: ಚಿತ್ರಗಳು ಎಲ್ಲ ರೂಮುಗಳಲ್ಲೂ ಇವೆಯೋ, ಕೆಲವೇ ಮಹಡಿಗಳಲ್ಲೋ? ವೆಬ್‌ಸೈಟಿನ ಫೋಟೋ ಅತಿ ದುಬಾರಿ ಸೂಟ್‌ನದ್ದಾಗಿದ್ದು, ನಿಮಗೆ ಸಿಗುವ ರೂಮಿನಲ್ಲಿ ಬರೀ ಗೋಡೆ ಮಾತ್ರ ಇರುವುದುಂಟು.

ಜಾಗದ ಮಟ್ಟಿಗೆ ಬೆಂಗಳೂರಿನಲ್ಲಿ ಎರಡು ಸುತ್ತು ಅನುಕೂಲ. ಒಂದು, ಎಂ.ಜಿ. ರಸ್ತೆ ಮತ್ತು ಕಸ್ತೂರಬಾ ರಸ್ತೆಯ ಆಸುಪಾಸು. ಇನ್ನೊಂದು, ಕುಮಾರಕೃಪಾ ರಸ್ತೆ ಮತ್ತು ಅರಮನೆ ರಸ್ತೆಯ ಕಡೆ. ಮೊದಲನೆಯದರಲ್ಲಿ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಅಂದರೆ ಮ್ಯಾಪ್, ಮತ್ತು ವೆಂಕಟಪ್ಪ ಆರ್ಟ್ ಗ್ಯಾಲರಿ. ಎರಡನೆಯದರಲ್ಲಿ ಚಿತ್ರಕಲಾ ಪರಿಷತ್ತು ಮತ್ತು ಮಾಣಿಕ್ಯವೇಲು ಮ್ಯಾನ್ಶನ್‌ನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ. ರಾತ್ರಿ ಹೋಟೆಲ್ ಗೋಡೆ, ಬೆಳಿಗ್ಗೆ ಗ್ಯಾಲರಿ ಎಂಬ ಜೋಡಣೆ ಇಲ್ಲಿ ಟ್ರಾಫಿಕ್ ಇಲ್ಲದೆ ಸಾಧ್ಯ. ಜಯನಗರದಲ್ಲಿರುವವರು ವೈಟ್‌ಫೀಲ್ಡ್ ಹೋಟೆಲ್‌ಗೆ ಹೋದರೆ ಶುಕ್ರವಾರ ಸಂಜೆಯ ಎರಡು ಗಂಟೆ ರಸ್ತೆಯಲ್ಲೇ ಕಳೆಯುತ್ತದೆ. ರಜೆಯ 22 ಗಂಟೆಯಲ್ಲಿ ಅಷ್ಟನ್ನು ಕೈಯಾರೆ ಬಿಟ್ಟುಕೊಟ್ಟ ಹಾಗೆ.

ದಿನ ಮತ್ತು ದರ

ಬೆಂಗಳೂರಿನ ದೊಡ್ಡ ಹೋಟೆಲ್‌ಗಳು ನಡೆಯುವುದು ಕೆಲಸದ ಮೇಲೆ ಬರುವವರಿಂದ. ಹಾಗಾಗಿ ಸೋಮವಾರದಿಂದ ಗುರುವಾರದವರೆಗೆ ದರ ಏರಿರುತ್ತದೆ, ಶನಿವಾರ, ಭಾನುವಾರ ಇಳಿಯುವುದುಂಟು. ರೆಸಾರ್ಟ್‌ಗಳ ಲೆಕ್ಕ ಇದಕ್ಕೆ ತಿರುವುಮುರುವು. ಹೆಚ್ಚಿನ ಗ್ಯಾಲರಿಗಳು ಸೋಮವಾರ ಮುಚ್ಚಿರುತ್ತವೆ, ಆದ್ದರಿಂದ ಭಾನುವಾರ ರಾತ್ರಿ ಉಳಿದು ಸೋಮವಾರ ಹೊರಬಂದರೆ ಬೆಳಗಿನ ಅರ್ಧ ಕಾರ್ಯಕ್ರಮ ಹೋಯಿತು. ಶನಿವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನ, ಇದೇ ಸರಿಯಾದ ಹೊತ್ತು.

ಮದುವೆ ಸೀಸನ್‌ನಲ್ಲಿ ಒಂದು ತೊಂದರೆ ಇದೆ. ಹೋಟೆಲ್‌ನ ಬ್ಯಾಂಕ್ವೆಟ್ ಹಾಲ್‌ನಲ್ಲಿ ರಿಸೆಪ್ಷನ್ ಇದ್ದರೆ ಲಾಬಿ ತುಂಬ ಜನ, ಚಿತ್ರಗಳ ಮುಂದೆ ಹೂವಿನ ಕಮಾನು, ರಾತ್ರಿಯವರೆಗೆ ಸ್ಪೀಕರ್. "ಆ ದಿನ ಫಂಕ್ಷನ್ ಇದೆಯಾ?" ಎಂದು ಮೊದಲೇ ಕೇಳಿ. ಇದೆ ಎಂದರೆ ದಿನ ಬದಲಿಸಿ ಅಥವಾ ಹಾಲ್‌ನಿಂದ ದೂರದ ಮೇಲಿನ ಮಹಡಿ ಕೇಳಿ.

ಜನವರಿಯ ಚಿತ್ರಸಂತೆಗೆ ಹೊಂದಿಸಿಕೊಂಡು ಕುಮಾರಕೃಪಾ ರಸ್ತೆಯ ಬಳಿ ಉಳಿಯುವುದು ಬಹಳ ಒಳ್ಳೆಯ ಯೋಚನೆ. ಆದರೆ ಆ ಭಾನುವಾರ ರಸ್ತೆಯೇ ಸಂತೆ, ವಾಹನ ಬಿಡುವುದಿಲ್ಲ. ಶನಿವಾರವೇ ಒಳಗೆ ಸೇರಿಕೊಳ್ಳಿ, ಕಾರು ತರಬೇಡಿ. ಬೆಳಿಗ್ಗೆ ಕಲಾವಿದರು ಚಿತ್ರಗಳನ್ನು ಜೋಡಿಸುತ್ತಿರುವ ಹೊತ್ತಿಗೇ ಕೆಳಗಿಳಿದರೆ ಅವರೊಂದಿಗೆ ಮಾತಾಡಲು ಸಿಗುತ್ತದೆ. ಹನ್ನೊಂದರ ನಂತರ ಆ ರಸ್ತೆಯಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ.

ದರ ನೋಡುವಾಗ ತೆರಿಗೆಯ ಗೆರೆ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 5, ಅದಕ್ಕಿಂತ ಮೇಲೆ ಶೇ. 18. ಅಂದರೆ 7,500ರ ರೂಮಿಗೆ ಕೈಯಿಂದ ಹೋಗುವುದು 7,875. ಬರೀ ನೂರು ರೂಪಾಯಿ ಹೆಚ್ಚಿರುವ 7,600ರ ರೂಮಿಗೆ 8,968. ನೂರರ ವ್ಯತ್ಯಾಸ 1,093 ಆಗುತ್ತದೆ. ಗೆರೆಯ ಹತ್ತಿರ ಇರುವ ದರವಾದರೆ ತಿಂಡಿ ಸೇರಿಸದ ಪ್ಲ್ಯಾನ್ ತೆಗೆದುಕೊಂಡು ಗೆರೆಯ ಕೆಳಗೇ ಉಳಿಯಬಹುದೇ ನೋಡಿ. ಆಪ್‌ಗಳಲ್ಲಿ ದೊಡ್ಡದಾಗಿ ಕಾಣುವುದು ತೆರಿಗೆ ಸೇರದ ಅಂಕಿ.

ಊಟದ ಬಿಲ್ಲಿನಲ್ಲೂ ಜಿಎಸ್‌ಟಿ ಹೋಟೆಲ್‌ಗೆ ತಕ್ಕಂತೆ ಶೇ. 5 ಅಥವಾ 18 ಇರುತ್ತದೆ. ಸರ್ವಿಸ್ ಚಾರ್ಜ್ ಮಾತ್ರ ತೆರಿಗೆಯಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿದಿದೆ. ಬೇಡ ಎನಿಸಿದರೆ ತೆಗೆಯಲು ಹೇಳಿ. ಬಡಿಸಿದವರಿಗೆ ಟಿಪ್ಸ್ ಅವರ ಕೈಗೇ ಕೊಡಿ.

ಲೋಕಲ್ ಐಡಿ ಎಂಬ ತೊಡಕು

ಸ್ವಂತ ಊರಿನಲ್ಲಿ ಉಳಿಯುವವರು ಎಡವುವುದು ಇಲ್ಲಿಯೇ. ಹಲವು ಹೋಟೆಲ್‌ಗಳು ಅದೇ ಊರಿನ ವಿಳಾಸವಿರುವ ಗುರುತಿನ ಚೀಟಿಗೆ ರೂಮು ಕೊಡುವುದಿಲ್ಲ. ದೊಡ್ಡ ಹೋಟೆಲ್‌ಗಳಲ್ಲಿ ಇದು ಕಡಿಮೆ, ಸಣ್ಣ ಬುಟಿಕ್ ಹೋಟೆಲ್‌ಗಳಲ್ಲಿ ಹೆಚ್ಚು. ಇದು ಹೋಟೆಲ್ ಮಾಡಿಕೊಂಡ ನಿಯಮ, ಕಾನೂನಿನದಲ್ಲ. ಆದರೆ ಬ್ಯಾಗ್ ಹಿಡಿದು ಕೌಂಟರ್ ಮುಂದೆ ನಿಂತಾಗ ವಾದ ಮಾಡಿ ಗೆದ್ದವರು ಕಡಿಮೆ. ಆಪ್‌ನಲ್ಲಿ ದುಡ್ಡು ಕಟ್ಟಿದ್ದರೂ ವಾಪಸ್ ಕಳಿಸುವುದುಂಟು, ಆ ಹಣ ಬರಲು ದಿನಗಟ್ಟಲೆ ಕಾಯಬೇಕು.

ಬುಕ್ ಮಾಡುವ ಮೊದಲು ಆಪ್‌ನಲ್ಲಿ "ಪ್ರಾಪರ್ಟಿ ರೂಲ್ಸ್" ಎಂಬ ಭಾಗ ತೆರೆದು ಲೋಕಲ್ ಐಡಿ ಒಪ್ಪುತ್ತಾರೋ ನೋಡಿ. ಆಮೇಲೆ ಹೋಟೆಲ್‌ಗೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಅವರು ಹೌದೆಂದರೆ, ಹಾಗೆಂದು ಒಂದು ಸಾಲು ಇಮೇಲ್ ಅಥವಾ ವಾಟ್ಸ್ಯಾಪ್‌ನಲ್ಲಿ ಬರೆಸಿಕೊಳ್ಳಿ. ಜೊತೆಗಿರುವ ಪ್ರತಿ ವಯಸ್ಕರಿಗೂ ಗುರುತಿನ ಚೀಟಿ ಬೇಕು. ಪ್ಯಾನ್ ಕಾರ್ಡ್‌ನಲ್ಲಿ ವಿಳಾಸ ಇಲ್ಲದ್ದರಿಂದ ನಡೆಯುವುದಿಲ್ಲ. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಂಡು ಹೋಗಿ. ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ವೋಟರ್ ಐಡಿ ಕೂಡ ಸರಿ.

ಚೆಕ್-ಇನ್ ಹೊತ್ತಿಗೆ ಡೆಪಾಸಿಟ್ ಕೇಳಿದರೆ ಗಾಬರಿಯಾಗಬೇಡಿ. ಕಾರ್ಡ್‌ನಲ್ಲಿ ಅಷ್ಟು ಹಣವನ್ನು ತಡೆಹಿಡಿದು ಆಮೇಲೆ ಬಿಡುತ್ತಾರೆ. ಡೆಬಿಟ್ ಕಾರ್ಡ್ ಕೊಟ್ಟರೆ ಆ ಮೊತ್ತ ಕೆಲವು ದಿನ ನಿಮ್ಮ ಖಾತೆಯಿಂದ ದೂರ ಇರುತ್ತದೆ, ಆದ್ದರಿಂದ ಕ್ರೆಡಿಟ್ ಕಾರ್ಡ್ ಮೇಲು.

ಬ್ಯಾಗಿನೊಳಗೆ

ಬಟ್ಟೆಬರೆ ನಿಮಗೆ ಬಿಟ್ಟಿದ್ದು. ಉಳಿದದ್ದು ಇಷ್ಟು: ಎ5 ಅಳತೆಯ ಸ್ಕೆಚ್‌ಬುಕ್ (ಜಲವರ್ಣ ಬಳಸುವುದಾದರೆ 200 ಜಿಎಸ್‌ಎಂ ದಪ್ಪದ ಕಾಗದ, ಇಲ್ಲದಿದ್ದರೆ ಬಣ್ಣ ತಾಗಿ ಕಾಗದ ಸುರುಟುತ್ತದೆ), 2ಬಿ ಮತ್ತು 4ಬಿ ಪೆನ್ಸಿಲ್, ರಬ್ಬರ್, ಹನ್ನೆರಡು ಜಲವರ್ಣ ಬಿಲ್ಲೆಗಳ ಡಬ್ಬಿ, ಹಿಡಿಯಲ್ಲೇ ನೀರು ತುಂಬುವ ಬ್ರಷ್ ಒಂದು, ಹಳೆಯ ಪೇಪರ್ ನಾಲ್ಕು ಹಾಳೆ, ಒಂದು ಸಣ್ಣ ಭೂತಗನ್ನಡಿ.

ಆಯಿಲ್ ಪೇಂಟ್, ಟರ್ಪೆಂಟೈನ್, ಇದ್ದಿಲ ಕಡ್ಡಿ ಮನೆಯಲ್ಲೇ ಇರಲಿ. ಎಸಿ ರೂಮಿನಲ್ಲಿ ಟರ್ಪೆಂಟೈನ್ ವಾಸನೆ ಹೊರಗೆ ಹೋಗದು. ಇದ್ದಿಲ ಪುಡಿ ಬಿಳಿ ಹಾಸಿಗೆಗೆ ತಾಗಿದರೆ ಒರೆಸಿದಷ್ಟೂ ಹರಡುತ್ತದೆ, ಹೋಟೆಲ್‌ನವರು ಅದರ ಬೆಲೆಯನ್ನು ಬಿಲ್ಲಿಗೆ ಹಾಕಬಹುದು. ಪೆನ್ಸಿಲ್ ಚಿತ್ರ ಅಳಿಸದಂತೆ ಸಿಂಪಡಿಸುವ ಫಿಕ್ಸೆಟಿವ್ ಸ್ಪ್ರೇಯಿಂದ ಹೊಗೆ ಅಲಾರಂ ಕೂಗಬಹುದು, ಅದೂ ಬೇಡ.

ಮೊದಲ ನೋಟ: ಸಂಜೆ

ಎರಡಕ್ಕೆ ಚೆಕ್-ಇನ್ ಇದ್ದರೆ ಒಂದೂವರೆಗೇ ತಲುಪಿ. ರೂಮ್ ಸಿದ್ಧವಾಗಿರದಿದ್ದರೆ ಬ್ಯಾಗ್ ರಿಸೆಪ್ಷನ್‌ನಲ್ಲಿ ಬಿಟ್ಟು ಲಾಬಿ ನೋಡಲು ಶುರುಮಾಡಿ. ರೂಮಿಗೆ ಹೋಗಿ ಒಮ್ಮೆ ಹಾಸಿಗೆಗೆ ಒರಗಿದರೆ ಮತ್ತೆ ಏಳುವುದು ಐದಕ್ಕೇ.

ಮೊದಲ ಸುತ್ತಿನಲ್ಲಿ ಎಲ್ಲವನ್ನೂ ನೋಡಲು ಹೋಗಬೇಡಿ. ಮೇಲಿನ ಮಹಡಿಗೆ ಲಿಫ್ಟ್‌ನಲ್ಲಿ ಹೋಗಿ, ಮೆಟ್ಟಿಲಲ್ಲಿ ಇಳಿಯುತ್ತ ಪ್ರತಿ ಕಾರಿಡಾರ್ ದಾಟಿ ಬನ್ನಿ. ಅತಿಥಿಗಳಿಗೆ ಬಿಡದ ಮಹಡಿಗಳಿದ್ದರೆ ಮೊದಲೇ ಹೇಳಿಸಿಕೊಳ್ಳಿ. ಕಾಲು ತಾನಾಗಿ ನಿಂತ ಕಡೆ ಮಹಡಿ ಸಂಖ್ಯೆ ಬರೆದುಕೊಳ್ಳಿ. ಕೊನೆಗೆ ಮೂರೇ ಮೂರು ಚಿತ್ರ ಆರಿಸಿ. ಅದರಲ್ಲಿ ಒಂದಾದರೂ ಕಿಟಕಿಯ ಹತ್ತಿರ ಇರಲಿ, ಬೆಳಗಿನ ನೋಟಕ್ಕೆ ಬೇಕಾಗುತ್ತದೆ.

ಹೆಸರಿನ ಪಟ್ಟಿ ಓದುವಾಗ ನಮ್ಮ ಕಡೆಯ ಕೆಲವು ಹೆಸರು ಗೊತ್ತಿದ್ದರೆ ಗೋಡೆ ಬೇಗ ಹತ್ತಿರವಾಗುತ್ತದೆ. ಉಡುಪಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್. ಬೆಂಗಳೂರಿನ ಹೂಬಿಟ್ಟ ಮರಗಳನ್ನು ರಸ್ತೆಬದಿ ಕೂತು ಬರೆದ ರುಮಾಲೆ ಚನ್ನಬಸವಯ್ಯ. ಇದೇ ಊರಿನಲ್ಲಿ ನೆಲೆ ನಿಂತು ಕೆಲಸ ಮಾಡಿದ ಯೂಸುಫ್ ಅರಕ್ಕಲ್. ತಾಮ್ರದ ಉಬ್ಬುಚಿತ್ರಗಳಿಗೂ ಹೆಸರಾದ ಎಸ್.ಜಿ. ವಾಸುದೇವ್. ಪಟ್ಟಿಯಲ್ಲಿ ಈ ಹೆಸರಿದ್ದರೆ ಅದು ಮೂಲವೋ ಪ್ರಿಂಟೋ ಎಂಬ ಪ್ರಶ್ನೆ ತಕ್ಷಣ ಏಳುತ್ತದೆ.

ಒರಿಜಿನಲ್ಲೋ ಪ್ರಿಂಟೋ: ಹತ್ತಿರದಿಂದ

ಭೂತಗನ್ನಡಿ ಈಗ ಹೊರಗೆ ಬರಲಿ. ಚಿತ್ರದಿಂದ ಒಂದು ಗೇಣು ದೂರದಲ್ಲೇ ನಿಲ್ಲಿ, ಮುಟ್ಟಬೇಡಿ. ಯಂತ್ರದಲ್ಲಿ ಅಚ್ಚಾದ ಚಿತ್ರದಲ್ಲಿ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳ ಹುಡಿ ಕಾಣುತ್ತದೆ. ಕ್ಯಾನ್ವಾಸ್ ಮೇಲೆ ಅಚ್ಚು ಹಾಕಿದರೂ ಚುಕ್ಕಿ ಅಡಗುವುದಿಲ್ಲ, ಇಡೀ ಚಿತ್ರಕ್ಕೆ ಒಂದೇ ಸಮನಾದ ಹೊಳಪೂ ಇರುತ್ತದೆ. ಕೈಯಲ್ಲಿ ಬರೆದದ್ದಾದರೆ ಬಣ್ಣ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಬ್ರಷ್ ಎತ್ತಿದ ಜಾಗದಲ್ಲಿ ಸಣ್ಣ ಅಂಚು.

ಎಲ್ಲ ಪ್ರಿಂಟೂ ನಕಲಲ್ಲ ಎನ್ನುವುದನ್ನು ಇಲ್ಲಿ ಹೇಳಲೇಬೇಕು. ಎಚ್ಚಿಂಗ್ (ಲೋಹದ ತಗಡಿನಿಂದ), ಲಿಥೋ (ಕಲ್ಲಿನಿಂದ), ವುಡ್‌ಕಟ್ (ಮರದಿಂದ) ಇವೆಲ್ಲ ಕಲಾವಿದ ತಾನೇ ಅಚ್ಚು ತೆಗೆದ ಮೂಲ ಕೃತಿಗಳು. ಚಿತ್ರದ ಕೆಳಗೆ ಎಡಕ್ಕೆ ಪೆನ್ಸಿಲ್‌ನಲ್ಲಿ 7/50 ಎಂದಿದ್ದರೆ, ಒಟ್ಟು ಐವತ್ತು ಪ್ರತಿಗಳಲ್ಲಿ ಇದು ಏಳನೆಯದು. ಬಲಕ್ಕೆ ಸಹಿ ಇರುತ್ತದೆ. ಎಚ್ಚಿಂಗ್ ಆದರೆ ತಾಮ್ರದ ತಗಡು ಕಾಗದಕ್ಕೆ ಒತ್ತಿದ ಗುರುತು ಚಿತ್ರದ ಸುತ್ತ ತಗ್ಗಾಗಿ ಉಳಿದಿರುತ್ತದೆ. ಆ ತಗ್ಗು ಕಂಡ ಕೂಡಲೇ ಚಿತ್ರ ನೋಡುವ ರೀತಿಯೇ ಬದಲಾಗುತ್ತದೆ.

ಬೆಂಗಳೂರು, ಮೈಸೂರಿನ ಹೋಟೆಲ್‌ಗಳಲ್ಲಿ ಮೈಸೂರು ಶೈಲಿಯ ಚಿತ್ರ ಎಲ್ಲಾದರೂ ಒಂದಿರುವ ಸಾಧ್ಯತೆ ಹೆಚ್ಚು. ರಿಸೆಪ್ಷನ್ ಹಿಂದಿನ ಸರಸ್ವತಿಯೋ ರಾಮ ಪಟ್ಟಾಭಿಷೇಕವೋ ಆಗಿರುತ್ತದೆ, ಯಾರೂ ನಿಂತು ನೋಡುವುದಿಲ್ಲ. ನೀವು ನಿಲ್ಲಿ. ಬಿಳಿ ಸಫೇದ ಪುಡಿಗೆ ಗೋಂದು, ಮಕ್ಕಿ ಎಂಬ ಹಳದಿ ಅಂಟು ಸೇರಿಸಿ ಮಾಡಿದ ಲೇಪವನ್ನು ಒಡವೆ, ಕಿರೀಟ, ಸೀರೆಯಂಚಿನ ಜಾಗದಲ್ಲಿ ತೆಳುವಾಗಿ ಎತ್ತರಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಇದೇ ಗೆಸ್ಸೋ ಕೆಲಸ. ತಂಜಾವೂರಿನಲ್ಲಿ ಈ ಉಬ್ಬು ದಪ್ಪ, ಮೇಲೆ ಗಾಜಿನ ಹರಳೂ ಇರುತ್ತದೆ. ಮೈಸೂರಿನದ್ದು ಎಷ್ಟು ತೆಳುವೆಂದರೆ ನೇರವಾಗಿ ಎದುರು ನಿಂತರೆ ಗೊತ್ತೇ ಆಗದು. ಚಿತ್ರದ ಬದಿಗೆ, ಗೋಡೆಗೆ ಭುಜ ತಾಗುವಷ್ಟು ಸರಿದು ಓರೆಯಾಗಿ ನೋಡಿ. ಆಗ ದೀಪದ ಬೆಳಕು ಉಬ್ಬಿನ ಒಂದು ಬದಿಗೆ ಬಿದ್ದು, ಸರದ ಒಂದೊಂದು ಮಣಿಗೂ ಕೂದಲೆಳೆಯಷ್ಟು ನೆರಳು ಬರುತ್ತದೆ. ಬರೀ ಚಿನ್ನದ ಬಣ್ಣ ಬಳಿದ ಅಗ್ಗದ ಪ್ರತಿಯಲ್ಲಿ ಈ ನೆರಳು ಇರುವುದಿಲ್ಲ.

ಮಲೆನಾಡಿನ ದೀವರ ಸಮುದಾಯದ ಚಿತ್ತಾರವೂ ಈಗ ಹೋಟೆಲ್ ಗೋಡೆಗೆ ಬಂದಿದೆ. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ, ಇದು ಮೂಲ ಪದ್ಧತಿ. ಕುಂಚದ ಗೆರೆ ನಾರು ಒಣಗುತ್ತ ಹೋದಂತೆ ತೆಳುವಾಗುತ್ತದೆ, ಮತ್ತೆ ಬಣ್ಣಕ್ಕೆ ಅದ್ದಿದ ಕಡೆ ದಪ್ಪವಾಗುತ್ತದೆ. ಗೋಡೆಗಂಟಿಸಿದ ವಿನೈಲ್ ಸ್ಟಿಕರ್‌ನಲ್ಲಿ ಗೆರೆ ಈ ಕೊನೆಯಿಂದ ಆ ಕೊನೆಯವರೆಗೆ ಒಂದೇ ದಪ್ಪ. ಒಂದು ನಿಮಿಷ ಗೆರೆಯ ಹಿಂದೆಯೇ ಕಣ್ಣು ಓಡಿಸಿ, ಕುಂಚ ಎಲ್ಲಿ ಅದ್ದಿದರು ಎಂದು ಎಣಿಸಬಹುದು.

ಫೋಟೋ ತೆಗೆಯುವುದಾದರೆ ಫ್ಲ್ಯಾಶ್ ಆಫ್ ಮಾಡಿ. ಗಾಜು ಹಾಕಿದ ಚಿತ್ರದಲ್ಲಿ ನಿಮ್ಮ ಮುಖವೇ ಕಾಣುತ್ತಿದ್ದರೆ ನೇರವಾಗಿ ನಿಲ್ಲದೆ ಸ್ವಲ್ಪ ಓರೆಗೆ ಸರಿಯಿರಿ, ಕಪ್ಪು ಬಟ್ಟೆ ಹಾಕಿದ್ದರೆ ಪ್ರತಿಬಿಂಬ ಇನ್ನೂ ಕಡಿಮೆ. ಬೇರೆ ಅತಿಥಿಗಳ ಮುಖ ಬಾರದಂತೆ ನೋಡಿಕೊಳ್ಳಿ.

ಎರಡನೆಯ ನೋಟ: ರಾತ್ರಿ

ಊಟವನ್ನು ಎಂಟರೊಳಗೆ ಮುಗಿಸಿ. ಹತ್ತೂವರೆಯ ಹೊತ್ತಿಗೆ ಲಾಬಿ ಖಾಲಿಯಾಗುತ್ತದೆ. ಸ್ಕೆಚ್‌ಬುಕ್ ಹಿಡಿದು ಆರಿಸಿದ ಮೂರರಲ್ಲಿ ಒಂದರ ಎದುರು ಕೂರಿ. ಇಡೀ ಚಿತ್ರ ನಕಲು ಮಾಡಬೇಕೆಂದಿಲ್ಲ, ಒಂದು ಕೈ, ಒಂದು ಎಲೆ, ಒಂದು ಮೂಲೆ ಸಾಕು. ಇಪ್ಪತ್ತು ನಿಮಿಷ. ಚಿತ್ರ ಬರೆಯಲು ಬಾರದವರಿಗೇ ಇದರಿಂದ ಹೆಚ್ಚು ಲಾಭ. ಕೈ ಎಡವಿದ ಕಡೆ ಕಲಾವಿದ ಏನು ಮಾಡಿದ್ದಾನೆ ಎಂದು ಕಣ್ಣು ತಾನಾಗಿ ಮತ್ತೆ ಹೋಗಿ ನೋಡುತ್ತದೆ. ಸೆಕ್ಯುರಿಟಿಯವರು ವಿಚಾರಿಸಬಹುದು, ಹಾಗಾಗಿ ಸಂಜೆಯೇ ರಿಸೆಪ್ಷನ್‌ನಲ್ಲಿ ಒಂದು ಮಾತು ತಿಳಿಸಿರಿ.

ಮಕ್ಕಳಿದ್ದರೆ ಈ ಕೆಲಸ ಊಟಕ್ಕೆ ಮುಂಚೆ ಆಗಲಿ. "ಎಷ್ಟು ಹಕ್ಕಿ ಇವೆ, ಯಾವ ಮಹಡಿಯಲ್ಲಿ?" ಎಂದು ಎಣಿಕೆಯ ಆಟ ಕೊಟ್ಟರೆ ಐದಾರು ವರ್ಷದವರೂ ಎರಡು ಮಹಡಿ ನೋಡುತ್ತಾರೆ. ಬಣ್ಣದ ಕೆಲಸ ರೂಮಿನ ಮೇಜಿನ ಮೇಲೆ, ಕೆಳಗೆ ಹಳೆಯ ಪೇಪರ್ ಹಾಸಿ. ಹಾಸಿಗೆಯ ಮೇಲೆ ಬೇಡವೇ ಬೇಡ.

ಮೂರನೆಯ ನೋಟ: ಬೆಳಿಗ್ಗೆ

ಆರೂವರೆಗೆ ಏಳಿ, ತಿಂಡಿಗಿಂತ ಮುಂಚೆ ಕಿಟಕಿಯ ಹತ್ತಿರದ ಆ ಚಿತ್ರದ ಮುಂದೆ ಹೋಗಿ. ಹೋಟೆಲ್ ದೀಪಗಳು ಹಳದಿ ಛಾಯೆಯವು. ಹಳದಿ ಬೆಳಕಿನಲ್ಲಿ ಕೆಂಪು, ಕಾವಿ, ಚಿನ್ನ ಮೆರೆಯುತ್ತವೆ, ನೀಲಿ ಮತ್ತು ನೇರಳೆ ಮಂಕಾಗಿ ಬೂದಿಯಂತೆ ಕಾಣುತ್ತವೆ. ಹಗಲಿನ ಬೆಳಕು ಬಿದ್ದಾಗ ಆ ನೀಲಿ ಎದ್ದು ಬರುತ್ತದೆ. ರಾತ್ರಿ ಕತ್ತಲೆಯೆಂದುಕೊಂಡ ಹಿನ್ನೆಲೆ ಆಕಾಶವೋ ಕೆರೆಯೋ ಆಗಿರುವುದುಂಟು. ರಾತ್ರಿಯ ಸ್ಕೆಚ್ ಪಕ್ಕಕ್ಕೆ ಹಿಡಿದು ಹೋಲಿಸಿ, ಬಣ್ಣದ ಹೆಸರುಗಳನ್ನು ಅಂಚಿನಲ್ಲಿ ಬರೆಯಿರಿ.

ತಿಂಡಿ ಮುಗಿಸಿ ಹತ್ತರ ಸುಮಾರಿಗೆ ರೂಮ್ ಖಾಲಿ ಮಾಡಿ, ಬ್ಯಾಗ್ ಹೋಟೆಲ್‌ನಲ್ಲೇ ಬಿಟ್ಟು ಗ್ಯಾಲರಿಗೆ ಹೊರಡಿ. ಹೆಚ್ಚಿನ ಹೋಟೆಲ್‌ಗಳು ಚೆಕ್-ಔಟ್ ಆದಮೇಲೂ ಸಂಜೆಯವರೆಗೆ ಬ್ಯಾಗ್ ಇಟ್ಟುಕೊಳ್ಳುತ್ತವೆ, ಅದಕ್ಕೆ ದುಡ್ಡಿಲ್ಲ. ಟೋಕನ್ ಮರೆಯದೆ ಇಸಿದುಕೊಳ್ಳಿ. ಹೊರಡುವ ಮೊದಲು ಗ್ಯಾಲರಿ ಆ ದಿನ ತೆರೆದಿದೆಯೇ ಎಂದು ವಿಚಾರಿಸಿ. ನಮ್ಮ ಊರಿನ ಹಳೆಯ ಗ್ಯಾಲರಿಗಳಲ್ಲಿ ದುರಸ್ತಿ ಕೆಲಸ ಆಗಾಗ ನಡೆಯುತ್ತದೆ.

ಕಸ್ತೂರಬಾ ರಸ್ತೆಯ ಕಡೆ ಉಳಿದಿದ್ದರೆ 2023ರ ಫೆಬ್ರುವರಿಯಲ್ಲಿ ತೆರೆದ ಮ್ಯಾಪ್‌ಗೆ ನಡೆದೇ ಹೋಗಿ. ಕಬ್ಬನ್ ಪಾರ್ಕ್ ಮೆಟ್ರೋದಿಂದಲೂ ನಡೆದು ಮುಟ್ಟಬಹುದು. ಹೊರಗೋಡೆಯ ಉಬ್ಬುಗೆರೆಯ ಉಕ್ಕಿನ ಹಲಗೆಗಳು ಹಳೆಯ ಕಬ್ಬಿಣದ ನೀರಿನ ಟ್ಯಾಂಕನ್ನು ನೆನಪಿಸುವಂತೆ ಮಾಡಿದವು. ಒಳಗೆ ಹೋಗುವ ಮುಂಚೆ ರಸ್ತೆ ದಾಟಿ ನಿಂತು ಅದನ್ನು ನೋಡಿ. ಕುಮಾರಕೃಪಾ ರಸ್ತೆಯ ಕಡೆಯವರಿಗೆ 1960ರಲ್ಲಿ ಶುರುವಾದ ಚಿತ್ರಕಲಾ ಪರಿಷತ್ತು ಇದೆ. ಅಲ್ಲಿ ರಷ್ಯಾ ಮೂಲದ ಕಲಾವಿದ ರೋರಿಕ್ ಚಿತ್ರಗಳ ಜೊತೆಗೆ ತೊಗಲುಗೊಂಬೆಗಳನ್ನು ಬಿಡಬೇಡಿ. ಮಾಣಿಕ್ಯವೇಲು ಮ್ಯಾನ್ಶನ್‌ಗೆ ಹೋದರೆ ಮರದ ನೆರಳಿಗೇ ಅರ್ಧ ಗಂಟೆ ಬೇಕು. ಒಂದು ಬೆಳಿಗ್ಗೆಗೆ ಒಂದೇ ಗ್ಯಾಲರಿ, ಎರಡಕ್ಕೆ ಕೈ ಹಾಕಿದರೆ ಎರಡೂ ನೆನಪಿನಲ್ಲಿ ಉಳಿಯುವುದಿಲ್ಲ.

ಬಿಲ್ಲನ್ನು ಚೆಕ್-ಔಟ್ ಹೊತ್ತಿಗೇ ಸಾಲು ಸಾಲಾಗಿ ಓದಿ. ಮಿನಿಬಾರ್‌ನಲ್ಲಿ ಮುಟ್ಟದ ನೀರಿನ ಬಾಟಲಿ, ಕೇಳದ ಸರ್ವಿಸ್ ಚಾರ್ಜ್, ರೂಮಿನ ದರದಲ್ಲೇ ಸೇರಿದ್ದ ತಿಂಡಿಗೆ ಎರಡನೆಯ ಸಲ ಹಾಕಿದ ದುಡ್ಡು, ತಪ್ಪು ನುಸುಳುವುದು ಈ ಮೂರು ಕಡೆ. ಡೆಪಾಸಿಟ್ ಬಿಡುಗಡೆಯಾಯಿತು ಎಂಬ ಚೀಟಿಯನ್ನೂ ಆಗಲೇ ಕೇಳಿ ತೆಗೆದುಕೊಳ್ಳಿ. ಮೆಚ್ಚಿದ ಚಿತ್ರದ ಪಕ್ಕ ಹೆಸರಿಲ್ಲದಿದ್ದರೆ ಕಲಾವಿದರು ಯಾರೆಂದು ಮ್ಯಾನೇಜರ್‌ಗೆ ಬರೆದು ಕೇಳಿ, ನಿಮ್ಮ ಇಮೇಲ್ ಕೊಟ್ಟು ಬನ್ನಿ. ಬ್ಯಾಗ್ ತೆಗೆದುಕೊಳ್ಳಲು ಸಂಜೆ ಮತ್ತೆ ಬರುತ್ತೀರಲ್ಲ, ಅಷ್ಟರೊಳಗೆ ಉತ್ತರ ಸಿಕ್ಕಿದ್ದರೂ ಸಿಕ್ಕೀತು.